ಎದುರು ಕುರ್ಚಿಯ ಕಸುಬು

ಬೆಂಗಳೂರಿನ ಮೈಸೂರು ರಸ್ತೆಯ ಗಾಳಿ ಆಂಜನೇಯನನ್ನು 1425ರಲ್ಲಿ ವ್ಯಾಸರಾಯರು ಪ್ರತಿಷ್ಠೆ ಮಾಡಿದರು ಎಂಬ ಮಾತು ನಮ್ಮ ಕಡೆಯ ಇತಿಹಾಸದ ಗೋಷ್ಠಿಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಬಿದ್ದಾಗ ನಾನು ಮಾತಾಡುತ್ತಿರುವವರನ್ನು ಬಿಟ್ಟು, ಅವರೆದುರು ಪ್ರಶ್ನೆ ಕೇಳಲೆಂದು ಕೂತವರ ಮುಖ ನೋಡುತ್ತೇನೆ. ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹಾರಿದರೋ, ಆ ಸಂಜೆ ಅಷ್ಟಕ್ಕಷ್ಟೆ. ‘ಒಂದು ನಿಮಿಷ ಸಾರ್, ಈ ಇಸವಿ ಎಲ್ಲಿಂದ ಬಂತು?’ ಎಂದರೋ, ಕುರ್ಚಿ ಮುಂದಕ್ಕೆಳೆದುಕೊಂಡು ಕೂರುತ್ತೇನೆ.

ಲೆಕ್ಕವೇನೋ ಸುಲಭದ್ದೇ. ವ್ಯಾಸರಾಯರು ಬೃಂದಾವನಸ್ಥರಾದದ್ದು 1539ರಲ್ಲಿ. ಬೃಂದಾವನ ಇರುವುದು ಆನೆಗೊಂದಿಯ ಹತ್ತಿರ, ತುಂಗಭದ್ರೆಯ ನಡುಗಡ್ಡೆಯಲ್ಲಿ. ಹುಟ್ಟಿದ್ದು 1447 ಎನ್ನುವವರಿದ್ದಾರೆ, 1460 ಎನ್ನುವವರಿದ್ದಾರೆ. ಯಾವುದನ್ನು ಹಿಡಿದರೂ 1425ಕ್ಕೆ ಅವರಿನ್ನೂ ಹುಟ್ಟಿರಲಿಲ್ಲ. ಹಾಗಂತ ಗುಡಿಯ ಐತಿಹ್ಯವೇ ಸುಳ್ಳು ಎಂದು ಕೈ ಕೊಡವಿ ಏಳಬೇಕಾಗಿಲ್ಲ. ಇಸವಿ ಮಾತ್ರ ತಪ್ಪಿದ್ದು ವ್ಯಾಸರಾಯರ ನಂಟು ನಿಜವೇ ಇರಬಹುದು. ಗುಡಿಯೇ ಹಳೆಯದಾಗಿದ್ದು, ಊರೂರಲ್ಲಿ ಹನುಮಂತನನ್ನು ನಿಲ್ಲಿಸಿದರೆಂದು ಹೆಸರಾದ ಯತಿಯ ನೆನಪು ಆಮೇಲೆ ಬಂದು ಕೂಡಿಕೊಂಡಿರಲೂಬಹುದು. ಇದನ್ನು ತೂಗಿ ನೋಡಬೇಕಾದರೆ ಗುಡಿಯ ಕಟ್ಟಡದ ಮಾತು ಬರಬೇಕು, ಸುತ್ತಮುತ್ತಲಿನ ಶಾಸನಗಳ ಮಾತು ಬರಬೇಕು. ವ್ಯಾಸರಾಯರ ಕಾಲದಲ್ಲೇ ಇದ್ದ ಸೋಮನಾಥ ಕವಿ ಸಂಸ್ಕೃತದಲ್ಲಿ ಬರೆದ ‘ವ್ಯಾಸಯೋಗಿಚರಿತ’ದ ಮಾತೂ ಬರಬೇಕು. ಬಿ. ವೆಂಕೋಬರಾಯರು ಅದನ್ನು ಸಂಪಾದಿಸಿ 1926ರಲ್ಲಿ ಬೆಂಗಳೂರಿನಲ್ಲೇ ಅಚ್ಚು ಹಾಕಿಸಿದರು. ಎಲ್ಲಿಂದ ಬಂತು ಎಂಬ ಒಂದೇ ಪ್ರಶ್ನೆ ಇಷ್ಟನ್ನೂ ವೇದಿಕೆಗೆ ಎಳೆದು ತರಬಲ್ಲದು.

ವಿದ್ವಾಂಸರ ಸಂವಾದಗಳಿಗೆ ಹೋಗುವ ಚಟ ಹತ್ತಿದ ಮೇಲೆ ನನಗೆ ಮನದಟ್ಟಾಗಿರುವುದು ಇದು: ಸಂಜೆಯ ಕಸುವು ಉತ್ತರ ಹೇಳುವವರಿಗಿಂತ ಕೇಳುವವರ ಕೈಯಲ್ಲಿರುತ್ತದೆ. ನಮ್ಮಲ್ಲಿ ಹೇಳುವವರಿಗೆ ಬರವಿಲ್ಲ. ಕೇಳುವವರನ್ನು ತಯಾರು ಮಾಡುವ ಗೋಜಿಗೆ ಯಾರೂ ಹೋಗಿಲ್ಲ. ಪ್ರಾರ್ಥನೆ, ಸ್ವಾಗತ, ಪರಿಚಯ, ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಮುಗಿಯುವಷ್ಟರಲ್ಲಿ ಅರ್ಧ ಹೊತ್ತು ಕಳೆದಿರುತ್ತದೆ. ಉಳಿದರ್ಧದಲ್ಲಿ ‘ಈ ಕ್ಷೇತ್ರಕ್ಕೆ ಹೇಗೆ ಬಂದಿರಿ’, ‘ಇಂದಿನ ಯುವಜನರಿಗೆ ನಿಮ್ಮ ಸಂದೇಶವೇನು’. ನಲವತ್ತು ವರ್ಷ ಶಾಸನ ಓದಿದವರನ್ನು ಕರೆಸಿ ಸಂದೇಶ ಕೇಳುವುದಕ್ಕಿಂತ ದೊಡ್ಡ ದಂಡ ಇನ್ನೊಂದಿಲ್ಲ. ಪ್ರಶ್ನೆ ಕೇಳುವವರು ಪಕ್ಕವಾದ್ಯದವರಿದ್ದ ಹಾಗೆ. ಮುಖ್ಯ ಗಾಯಕರನ್ನು ಮೀರಬಾರದು, ಆದರೆ ಅವರು ಸಲೀಸಾದ ಜಾಡಿಗೆ ಬಿದ್ದಾಗ ಅಲ್ಲಿಂದ ಎಬ್ಬಿಸಬೇಕು.

ಈ ಕಸುಬಿನ ಹಳೆಯ ಕೈಯೊಂದು 1800ರಲ್ಲೇ ನಮ್ಮ ಸೀಮೆಯಲ್ಲಿ ಓಡಾಡಿದೆ. ಟಿಪ್ಪು ಸತ್ತ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯ ಮೇರೆಗೆ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕನನ್ ವೃತ್ತಿಯಲ್ಲಿ ವೈದ್ಯ. ಬೆಂಗಳೂರು, ಚನ್ನಪಟ್ಟಣ, ಶ್ರೀರಂಗಪಟ್ಟಣ ಎಂದು ಸುತ್ತುತ್ತ ದಾರಿಯುದ್ದಕ್ಕೂ ಕೇಳುತ್ತಲೇ ಹೋದ. ಪೇಟೆಯ ಖತ್ರಿ, ಪಟ್ಟೇಗಾರ, ದೇವಾಂಗ ನೇಯ್ಗೆಯವರನ್ನು ಮಗ್ಗ, ಬಣ್ಣ, ಕೂಲಿಯ ಬಗ್ಗೆ ಕೇಳಿದ. ರೈತರನ್ನು ಬಿತ್ತನೆ, ಇಳುವರಿ, ಕಂದಾಯದ ಬಗ್ಗೆ ಕೇಳಿದ. ಅವನ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಬಂತು. ಇವತ್ತಿಗೂ ಅದನ್ನು ತೆಗೆಯದೆ ಆ ಕಾಲದ ಮೈಸೂರು ಸೀಮೆಯ ಮಾತಾಡಲಾಗುವುದಿಲ್ಲ.

ಬುಕನನ್ ಕೇಳುವ ರೀತಿಯಲ್ಲಿ ನನಗೆ ಹಿಡಿಸುವುದು ಅವನ ಅನುಮಾನ. ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ತಾಳೆಯಾಗದಿದ್ದರೆ ಹಾಗೆಂದೇ ಬರೆದಿಡುತ್ತಾನೆ. ರೈತ ಇಳುವರಿಯನ್ನು ಕಡಿಮೆ ಹೇಳುತ್ತಿದ್ದಾನೆ ಎಂದು ಅವನಿಗೆ ಗುಮಾನಿ. ಇರದೆ ಇನ್ನೇನು? ದುಭಾಷಿಯನ್ನು ಮುಂದಿಟ್ಟುಕೊಂಡು ಬಂದ ಕುಂಪಣಿಯ ದೊರೆ ‘ಎಷ್ಟು ಬೆಳೆಯಿತು’ ಎಂದು ಕೇಳಿದರೆ ಯಾವ ಗೌಡನಾದರೂ ಕಣಜ ತೋರಿಸುತ್ತಾನೆಯೇ? ಕೇಳುವವನು ಯಾವ ಕುರ್ಚಿಯಲ್ಲಿ ಕೂತಿದ್ದಾನೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ ಎಂಬ ಪಾಠ ಅವನ ಪುಟಪುಟದಲ್ಲೂ ಇದೆ, ಅವನು ಕಲಿಸಲೆಂದು ಬರೆಯದಿದ್ದರೂ.

ಅದೇ ಮೈಸೂರು ರಸ್ತೆಯಲ್ಲಿ ಕೆಂಗೇರಿ, ಬಿಡದಿ ದಾಟಿ ರಾಮನಗರದ ಹತ್ತಿರ ಹೋದರೆ ಬೇರೆ ಬಗೆಯ ಕುರ್ಚಿಯೊಂದು ಕಾಣುತ್ತದೆ. ಅಲ್ಲಿನ ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರೂ ಸರ್ಕಾರಿ ಅಧಿಕಾರಿಯೇ, ಅದರಲ್ಲೂ ಐಎಎಸ್. ಆದರೆ ನಾಗಮಂಗಲ ಸೀಮೆಯಲ್ಲೇ ಹುಟ್ಟಿ ಬೆಳೆದವರು. ಹಾಡುವವರೆದುರು ನೆಲದ ಮೇಲೆ ಕೂತು ಕೇಳಲು ಬಲ್ಲವರು. ವಿದೇಶಿ ಪ್ರವಾಸಿಗರ ಬರಹಗಳನ್ನು ‘ಪ್ರವಾಸಿ ಕಂಡ ಇಂಡಿಯಾ’ ಎಂದು ಎಂಟು ಸಂಪುಟಗಳಲ್ಲಿ ಕನ್ನಡಕ್ಕೆ ತಂದವರೂ ಅವರೇ, ‘ಸೋಬಾನೆ ಚಿಕ್ಕಮ್ಮನ ಪದಗಳು’ ಎಂದು ಒಬ್ಬ ಹೆಣ್ಣುಮಗಳ ಹೆಸರನ್ನೇ ಪುಸ್ತಕದ ನೆತ್ತಿಗೇರಿಸಿದವರೂ ಅವರೇ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ದೇಶ ಸುತ್ತಿ ಬರೆದವರು ಎಷ್ಟು ಬಲ್ಲವರೋ, ಊರು ಬಿಡದೆ ನೂರಾರು ಪದ ನೆನಪಿಟ್ಟುಕೊಂಡವರೂ ತಮ್ಮ ವಿಷಯದಲ್ಲಿ ಅಷ್ಟೇ ಬಲ್ಲವರು ಎಂಬ ಗೌರವ ಅಲ್ಲಿದೆ. ನಮ್ಮ ಗೋಷ್ಠಿಗಳ ಆಹ್ವಾನ ಪತ್ರಿಕೆಯಲ್ಲಿ ‘ಡಾ.’ ಇಲ್ಲದ ಹೆಸರು ಕಾಣುವುದು ಅಪರೂಪ. ಕೆರೆಯ ನೀರು ಬಿಡುತ್ತಿದ್ದ ನೀರಗಂಟಿಯ ಮಕ್ಕಳನ್ನು, ಪೂಜಾರಿಕೆಯ ಮನೆತನದವರನ್ನು ಯಾರೂ ಕರೆಸುವುದಿಲ್ಲ.

ವಿಜಯನಗರ ಬಡಾವಣೆಯಲ್ಲಿ ನೆಲೆಸಿದ್ದ ಸಂಶೋಧಕ ಎಂ. ಚಿದಾನಂದಮೂರ್ತಿಯವರ ಸಂಗತಿಯನ್ನು ಇಲ್ಲಿ ಎತ್ತಲೇಬೇಕು. ತೀ.ನಂ. ಶ್ರೀಕಂಠಯ್ಯನವರ ಮಾರ್ಗದರ್ಶನದಲ್ಲಿ ಸಿದ್ಧವಾದ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳನ್ನು ಜಾಲಾಡಿದ ಗ್ರಂಥ. ಶಾಸನವೆಂದರೆ ಯಾವ ದೊರೆಗೆ ಯಾರು ಮಗ, ಯಾವ ಯುದ್ಧದಲ್ಲಿ ಯಾರು ಗೆದ್ದರು ಎಂದು ನೋಡುವುದೇ ರೂಢಿಯಾಗಿದ್ದ ಕಾಲದಲ್ಲಿ ಅವರು ಅದೇ ಕಲ್ಲುಗಳನ್ನು ಬೇರೆ ಪ್ರಶ್ನೆ ಕೇಳಿದರು. ಜನ ಏನನ್ನು ನಂಬಿದ್ದರು, ಏನನ್ನು ದಾನ ಕೊಟ್ಟರು, ಯಾವುದಕ್ಕಾಗಿ ಪ್ರಾಣ ಬಿಟ್ಟರು? ಕಲ್ಲು ಅದೇ, ಅಕ್ಷರ ಅದೇ. ಕೇಳಿದ್ದು ಬೇರೆಯಾದ್ದರಿಂದ ಹೇಳಿದ್ದೂ ಬೇರೆಯಾಯಿತು. ಅವರು ತೀರಿಕೊಂಡದ್ದು 2020ರ ಜನವರಿಯಲ್ಲಿ. ಕೊನೆಯ ವರ್ಷಗಳಲ್ಲಿ ಅವರ ಸಾರ್ವಜನಿಕ ನಿಲುವುಗಳ ಸುತ್ತ ಎದ್ದ ಗದ್ದಲದಲ್ಲಿ ಮೈಕು ಹಿಡಿದು ಬಂದವರೆಲ್ಲ ಅದನ್ನೇ ಕೆದಕಿದರು. ಜಗಳ ಆಡಬೇಕಾದ ಕಡೆ ಆಡೋಣ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಹೊತ್ತಗೆಯ ಒಂದೊಂದು ಅಧ್ಯಾಯವನ್ನು ಹಿಡಿದು ಕೇಳುತ್ತ ಹೋಗಿದ್ದರೆ ನಮ್ಮ ಕೈಯಲ್ಲಿ ಇನ್ನೊಂದು ಗ್ರಂಥವೇ ಇರುತ್ತಿತ್ತು.

ಅಂಥ ಕೇಳ್ಮೆ ಕನ್ನಡದಲ್ಲಿ ಇಲ್ಲವೇ ಇಲ್ಲ ಎಂದಲ್ಲ. ರಹಮತ್ ತರೀಕೆರೆಯವರ ‘ಲೋಕವಿರೋಧಿಗಳ ಜತೆಯಲ್ಲಿ’ ಪೂರಾ ಸಂದರ್ಶನಗಳ ಪುಸ್ತಕ. ನಾಥರು, ಸೂಫಿಗಳು, ಶಾಕ್ತರು ಎಂದು ನಾಡು ತಿರುಗಿದವರ ಕೇಳುವ ಗುಣವನ್ನು ಅಲ್ಲಿ ಕಾಣಬಹುದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರು ಜೆ.ಸಿ. ರಸ್ತೆಯ ಕನ್ನಡ ಭವನದ ನಯನ ಸಭಾಂಗಣದಲ್ಲಿ ನಡೆಸಿಕೊಂಡು ಬಂದ ‘ಮನೆಯಂಗಳದಲ್ಲಿ ಮಾತುಕತೆ’ಯಲ್ಲಿ ಸಭಿಕರಿಗೂ ಪ್ರಶ್ನೆ ಕೇಳಲು ಜಾಗವಿತ್ತು ಎಂಬುದು ಸಣ್ಣ ಮಾತಲ್ಲ.

ಈಚೆಗೆ ಇನ್ನೊಂದು ಅನುಕೂಲವೂ ಒದಗಿದೆ. ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1905ರಲ್ಲಿ ಹೊರತಂದಾಗ ಓದುಗರು ಪಾಠವನ್ನು ನಂಬಬೇಕಿತ್ತು, ಇಲ್ಲವೇ ಊರೂರು ಅಲೆದು ಕಲ್ಲನ್ನು ಹುಡುಕಬೇಕಿತ್ತು. ಈಗ 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯವರು ಅದೇ ಕಲ್ಲುಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಬರಿಗಣ್ಣಿಗೆ ಸವೆದುಹೋದಂತೆ ಕಾಣುವ ಅಕ್ಷರ ಪರದೆಯ ಮೇಲೆ ಎದ್ದು ನಿಲ್ಲುತ್ತದೆ. ತಜ್ಞರು ಒಂದು ಸಾಲು ಓದಿದಾಗ ಹಿಂದಿನ ಸಾಲಿನಲ್ಲಿ ಕೂತವರೂ ‘ಆ ಮೂರನೆಯ ಅಕ್ಷರ ಇನ್ನೊಮ್ಮೆ ತೋರಿಸಿ’ ಎನ್ನಬಹುದು. ಓದಿದವರು ಮತ್ತು ಕೇಳಿದವರು ಒಂದೇ ಕಲ್ಲಿನ ಮುಂದೆ ನಿಂತ ಹಾಗಾಯಿತು.

ಹಾಗಾದರೆ ನಾವು ನೀವು ಏನು ಮಾಡಬೇಕು? ಹೋಗುವ ಮುನ್ನ ಆ ಲೇಖಕರ ಒಂದು ಪುಸ್ತಕ, ಕಡೆಗೆ ಒಂದು ಅಧ್ಯಾಯವನ್ನಾದರೂ ಓದಿಕೊಳ್ಳಬೇಕು. ಅಭಿಪ್ರಾಯ ಕೇಳುವ ಬದಲು ಆಧಾರ ಕೇಳಬೇಕು. ‘ಟಿಪ್ಪುವಿನ ಬಗ್ಗೆ ಏನನ್ನುತ್ತೀರಿ’ ಎಂದರೆ ಭಾಷಣ ಸಿಗುತ್ತದೆ. ‘ಟಿಪ್ಪುವಿನ ಯಾವ ಕಾಗದ ನೋಡಿ ನಿಮ್ಮ ಅಭಿಪ್ರಾಯ ಬದಲಾಯಿತು’ ಎಂದರೆ ವಿದ್ವಾಂಸರು ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ಪ್ರಶ್ನೆಗೆ ಮೊದಲು ನಮ್ಮದೇ ಪ್ರವರ ಬೇಡ. ಉತ್ತರ ಬಂದ ಮೇಲೆ ಒಂದು ಮರುಪ್ರಶ್ನೆ ಇರಲಿ, ಎರಡು ಬೇಡ. ‘ಅದು ನನಗೆ ಗೊತ್ತಿಲ್ಲ, ಇಂಥ ಸಂಪುಟ ನೋಡಿ’ ಎಂದು ಅವರು ಹೇಳಿದರೆ ಚಪ್ಪಾಳೆ ತಟ್ಟಬೇಕಾದದ್ದು ಆಗ. ಸಂಪುಟದ ಹೆಸರು ಬರೆದುಕೊಂಡರೆ ಮಾರನೆಯ ದಿನ ಹಂಪಿನಗರದ ಗ್ರಂಥಾಲಯದ ಮೆಟ್ಟಿಲು ಹತ್ತಲು ನಮಗೊಂದು ಕೆಲಸ ಸಿಕ್ಕಿದಂತೆ.