ವಾರದ ಕಥೆ, ಉಳಿದ ಕಥೆ: ಕಿರುತೆರೆಯ ಅತಿಮಾನುಷ ಮತ್ತು ಭಯಾನಕ ಧಾರಾವಾಹಿಗಳ ಜಾನಪದೀಯ ವಿವೇಚನೆ

ಕನ್ನಡ ಜಾನಪದ ಅಧ್ಯಯನವು ದೂರದರ್ಶನವನ್ನು ಬಹುಕಾಲ ಆರೋಪಿಯ ಸ್ಥಾನದಲ್ಲಿರಿಸಿ ನೋಡಿದೆ. ಬಯಲಾಟಕ್ಕೆ ಜನ ಸೇರುತ್ತಿಲ್ಲ, ಅಜ್ಜಿಕಥೆ ನಿಂತುಹೋಯಿತು, ಜಾಗರಣೆಯ ರಾತ್ರಿಗಳು ಮೊಟಕಾದವು ಎಂಬ ವಿಷಾದದ ಮಾತುಗಳ ಕೊನೆಯಲ್ಲಿ ದೂರದರ್ಶನದ ಹೆಸರು ಬರುವುದು ವಾಡಿಕೆ. ಈ ಆರೋಪದಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ವಿಚಾರಣೆಯಿಲ್ಲದೆ ನೀಡಿದ ಈ ತೀರ್ಪಿನಿಂದ ಒಂದು ಮುಖ್ಯ ಸಂಗತಿ ಕಣ್ತಪ್ಪಿದೆ. ವಾರಕ್ಕೊಮ್ಮೆ ಪ್ರಸಾರವಾಗುತ್ತಿದ್ದ ಧಾರಾವಾಹಿಗಳು, ಅದರಲ್ಲಿಯೂ ಅತಿಮಾನುಷ ವೀರರ ಮತ್ತು ದೆವ್ವ-ಭೂತಗಳ ಧಾರಾವಾಹಿಗಳು, ತಮ್ಮ ಸುತ್ತ ಒಂದು ಮೌಖಿಕ ಪರಂಪರೆಯನ್ನೇ ಬೆಳೆಸಿದ್ದವು. ಆ ಪರಂಪರೆ ಇದ್ದದ್ದು ಪರದೆಯ ಮೇಲಲ್ಲ. ಒಂದು ಕಂತಿಗೂ ಮತ್ತೊಂದು ಕಂತಿಗೂ ನಡುವಣ ಆರು ದಿನಗಳಲ್ಲಿ.

ವಾರವೆಂಬ ಕಾಲಮಾನ ಕಥನಕ್ಕೆ ಹೊಸದೇನಲ್ಲ. ಶ್ರಾವಣಮಾಸದ ಮಂಗಳವಾರಗಳಲ್ಲಿ ನವವಿವಾಹಿತೆಯರು ಐದು ವರ್ಷಗಳ ಕಾಲ ಆಚರಿಸುವ ಮಂಗಳಗೌರಿ ವ್ರತದಲ್ಲಿ ಕಥೆ ಕೇಳುವುದು ಆಚರಣೆಯ ಅವಿಭಾಜ್ಯ ಅಂಗ. ಆದರೆ ಅಲ್ಲಿ ಪ್ರತಿ ವಾರ ಕೇಳುವುದು ಅದೇ ಕಥೆಯನ್ನು. ಕೇಳುವವಳಿಗೆ ಅಂತ್ಯ ಗೊತ್ತಿರುತ್ತದೆ. ಗೊತ್ತಿರುವುದರಲ್ಲಿಯೇ ಅದರ ಫಲವಿದೆ. ದೂರದರ್ಶನದ ವಾರವಾದರೋ ಕಥೆಯನ್ನು ಮರಳಿ ಹೇಳುವುದಿಲ್ಲ, ಉಳಿಸಿಕೊಳ್ಳುತ್ತದೆ. ಪ್ರೇಕ್ಷಕನ ಕೈಯಲ್ಲಿ ಒಂದು ಅರೆಕಥೆಯನ್ನಿಟ್ಟು ಹೋಗುತ್ತದೆ. ಆ ಅರೆಕಥೆಯನ್ನು ಅವನು ಏನು ಮಾಡಿದ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಹೀಗೆ ಉಳಿಸಿಕೊಳ್ಳುವ ತಂತ್ರವನ್ನು ಭಾರತೀಯ ಕಿರುತೆರೆ ಕಲಿತದ್ದು ಹಳೆಯ ಕಥಾಕೋಶಗಳಿಂದಲೇ. ರಮಾನಂದ ಸಾಗರ್ ಅವರ ಸಂಸ್ಥೆ ನಿರ್ಮಿಸಿದ ‘ವಿಕ್ರಮ್ ಔರ್ ಬೇತಾಳ್’ 1985ರಲ್ಲಿ ದೂರದರ್ಶನದಲ್ಲಿ ಪ್ರಸಾರವಾಯಿತು. ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿಯೂ ಸೇರಿರುವ ಬೇತಾಳ ಕಥೆಗಳ ಚೌಕಟ್ಟು ವಾರದ ಪ್ರಸಾರಕ್ಕೆ ಹೇಳಿ ಮಾಡಿಸಿದಂತಿತ್ತು. ರಾಜ ಮೌನ ಮುರಿಯುತ್ತಾನೆ, ಬೇತಾಳ ಮರಕ್ಕೆ ಮರಳುತ್ತದೆ, ಅಲ್ಲಿಗೆ ಕಂತು ಮುಗಿಯುತ್ತದೆ. ಒಳಗಿನ ಕಥೆ ಆ ವಾರವೇ ಪೂರ್ಣ. ಹೊರಗಿನ ಕಥೆ ಮಾತ್ರ ಮುಂದಕ್ಕೆ. ಸಾಯುವುದನ್ನು ಮುಂದೂಡಲು ಕಥೆ ಹೇಳುವ ಹೆಣ್ಣಿನ ಚೌಕಟ್ಟುಳ್ಳ ಅರೇಬಿಯನ್ ಕಥೆಗಳನ್ನು ಆಧರಿಸಿದ ‘ಅಲಿಫ್ ಲೈಲಾ’ವೂ ಮುಂದೆ ಅದೇ ಸಂಸ್ಥೆಯಿಂದ ಬಂದುದು ಆಕಸ್ಮಿಕವೆನ್ನಲಾಗದು.

ಈ ಸರಳ ಸಂರಚನೆ ಜಟಿಲಗೊಂಡದ್ದು ‘ಶಕ್ತಿಮಾನ್’ನಲ್ಲಿ. 1997ರ ಸೆಪ್ಟೆಂಬರ್ 13ರಂದು ಆರಂಭವಾಗಿ 2005ರ ಮಾರ್ಚ್ 27ರವರೆಗೆ, ಅಂದರೆ ಏಳೂವರೆ ವರ್ಷಗಳ ಕಾಲ ನಡೆದ ಈ ಧಾರಾವಾಹಿಯನ್ನು ವಿಮರ್ಶಕರು ಅಮೆರಿಕದ ಸೂಪರ್‌ಮ್ಯಾನ್‌ನ ಅನುಕರಣೆಯೆಂದು ಬದಿಗಿಟ್ಟದ್ದುಂಟು. ಕನ್ನಡಕದ ಪತ್ರಿಕಾ ಛಾಯಾಗ್ರಾಹಕ, ಅವನ ನಿಜರೂಪ ತಿಳಿಯದ ವರದಿಗಾರ್ತಿ ಗೀತಾ ವಿಶ್ವಾಸ್, ಹಾರಾಟ ಇವೆಲ್ಲ ಅಲ್ಲಿಂದ ಬಂದವೆಂಬುದು ನಿಜ. ಆದರೆ ಜಾನಪದ ದೃಷ್ಟಿಗೆ ವ್ಯತ್ಯಾಸವೇ ಮುಖ್ಯ. ಸೂಪರ್‌ಮ್ಯಾನ್‌ನ ಶಕ್ತಿ ಹುಟ್ಟಿನಿಂದ ಬಂದದ್ದು, ಬೇರೊಂದು ಗ್ರಹದ್ದು. ಶಕ್ತಿಮಾನ್‌ನ ಶಕ್ತಿ ಸಾಧನೆಯಿಂದ ಬಂದದ್ದು: ಗುರುಗಳು, ಅಗ್ನಿಪ್ರವೇಶ, ಕುಂಡಲಿನಿ, ಪಂಚಭೂತಗಳು. ಸಿದ್ಧರ, ಅವಧೂತರ ಕಥೆಗಳನ್ನು ಬಲ್ಲ ಕೇಳುಗನಿಗೆ ಇದು ಪರಿಚಿತ ದಾರಿ. ಇನ್ನು ಅವನ ಸಾಮಾನ್ಯ ರೂಪವಾದ ಪಂಡಿತ ಗಂಗಾಧರ ವಿದ್ಯಾಧರ ಮಾಯಾಧರ ಓಂಕಾರನಾಥ ಶಾಸ್ತ್ರಿ ಹೆಸರಿನ ಉದ್ದದಿಂದಲೇ ನಗಿಸುವವನು, ಉಬ್ಬುಹಲ್ಲಿನ ಪೆದ್ದ. ಯಕ್ಷಗಾನದಲ್ಲಿ ನಾಯಕ ಬೇರೆ, ಹಾಸ್ಯಗಾರ ಬೇರೆ. ಮೂಡಲಪಾಯದಲ್ಲಿ ಹನುಮನಾಯಕನ ಕೆಲಸವನ್ನು ರಾಜವೇಷಧಾರಿ ಮಾಡುವುದಿಲ್ಲ. ಮುಖೇಶ್ ಖನ್ನಾ ಎರಡನ್ನೂ ಒಂದೇ ಮೈಯಲ್ಲಿ ಹೊತ್ತರು. ಧಾರಾವಾಹಿಯ ಜನಪ್ರಿಯತೆಯಲ್ಲಿ ಹಾರಾಟದ ಪಾಲಿಗಿಂತ ಈ ಕೋಡಂಗಿಯ ಪಾಲು ಕಡಿಮೆಯದೇನೂ ಅಲ್ಲ.

ಕಂತುಗಳ ಜೋಡಣೆಯನ್ನು ಮಲೆಯ ಮಾದೇಶ್ವರ ಮಹಾಕಾವ್ಯದೊಂದಿಗೆ ಹೋಲಿಸಿ ನೋಡಬಹುದು. ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಈ ಕಾವ್ಯ ‘ಸಾಲು’ಗಳಾಗಿ ವಿಂಗಡಣೆಗೊಂಡಿದೆ. ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು ಹೀಗೆ. ಒಂದು ರಾತ್ರಿಗೆ ಒಂದು ಸಾಲನ್ನೇ ಹಾಡಿದರೂ ಕೇಳುಗನಿಗೆ ಕೊರತೆಯೆನಿಸದು. ಶಕ್ತಿಮಾನ್‌ನಲ್ಲಿಯೂ ಒಬ್ಬೊಬ್ಬ ಖಳನಿಗೆ ಕೆಲವು ವಾರಗಳ ಒಂದೊಂದು ಸಾಲು. ಆದರೆ ಮಾದೇಶ್ವರನ ಪ್ರತಿ ಸಾಲೂ ಲೋಕದಲ್ಲಿ ಒಂದು ಗುರುತನ್ನು ಬಿಟ್ಟು ಹೋಗುತ್ತದೆ. ಜುಂಜೇಗೌಡ ಒಕ್ಕಲಾಗಿ ಗುಡಿ ಕಟ್ಟಿಸುತ್ತಾನೆ. ಗಂಡನ ಸಂಶಯಕ್ಕೆ ನರಳಿದ ಸಂಕಮ್ಮನಿಗೆ ಕಾರಯ್ಯ ಬಿಲ್ಲಯ್ಯರು ಹುಟ್ಟಿ ದೇವರ ಪರಿವಾರಕ್ಕೆ ಸೇರುತ್ತಾರೆ. ವಿರೋಧ ಕರಗಿ ಸಂಬಂಧವಾಗುವುದು, ಅದು ಸ್ಥಳವಾಗಿ, ಒಕ್ಕಲಾಗಿ, ಹರಕೆಯಾಗಿ ಉಳಿಯುವುದು ಆ ಕಾವ್ಯದ ನಡೆ. ಶಕ್ತಿಮಾನ್‌ನ ಖಳರು ಸೋಲುತ್ತಾರೆ, ಅಳಿಯುತ್ತಾರೆ, ಮರೆತುಹೋಗುತ್ತಾರೆ. ಕತ್ತಲೆಯೇ ಸ್ಥಿರವಾಗಲಿ ಎಂದು ಘೋಷಿಸುವ ತಮರಾಜ ಕಿಲ್ವಿಷ್ ಮಾತ್ರ ಮುಂದಿನ ಖಳನನ್ನು ಕಳುಹಿಸಲು ಉಳಿದಿರುತ್ತಾನೆ. ಧಾರಾವಾಹಿಯ ನಿಜವಾದ ದೌರ್ಬಲ್ಯ ಇಲ್ಲಿದೆ, ಅಗ್ಗದ ದೃಶ್ಯತಂತ್ರದಲ್ಲಿ ಅಲ್ಲ. ನೂರಾರು ವಾರಗಳ ಹೋರಾಟ ಆ ಲೋಕದ ಒಂದು ಬೀದಿಯನ್ನೂ ಬದಲಾಯಿಸಲಿಲ್ಲ.

ಚೌಕಟ್ಟಿನ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. ತುಳುನಾಡಿನ ಭೂತಕೋಲದಲ್ಲಿ ಗಗ್ಗರ ಕಟ್ಟುವುದಕ್ಕೆ ಮುನ್ನ ಅನುಮತಿ ಬೇಕು, ಕಳಚುವುದಕ್ಕೂ ಕ್ರಮವಿದೆ. ಯಾರ ಮೈಯಲ್ಲಿ, ಯಾವ ಅಂಗಳದಲ್ಲಿ, ಎಷ್ಟು ಹೊತ್ತು ಶಕ್ತಿ ನೆಲೆಸಬಹುದೆಂಬುದನ್ನು ನೋಡುವ ಮಗುವೂ ಬಲ್ಲದು. ಕಿರುತೆರೆಯ ವೀರನಿಗೆ ಇಂತಹ ಅಂಗಳವಿರಲಿಲ್ಲ. ಅವನು ನೇರವಾಗಿ ನಡುಮನೆಗೆ ಬಂದ. ಶಕ್ತಿಮಾನ್ ಬಂದು ಕಾಪಾಡುವನೆಂದು ನಂಬಿ ಮಕ್ಕಳು ಅಪಾಯಕ್ಕೆ ಸಿಲುಕಿದರೆಂಬ ವರದಿಗಳು ಆ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾದವು. ಕೆಲವು ವರದಿಗಳ ಸತ್ಯಾಸತ್ಯತೆ ವಿವಾದಕ್ಕೊಳಗಾದರೂ, ನಾಯಕನಟರೇ ತೆರೆಯ ಮೇಲೆ ಬಂದು ಇಂತಹ ಸಾಹಸಗಳನ್ನು ಅನುಕರಿಸಬಾರದೆಂದು ಮಕ್ಕಳಿಗೆ ತಿಳಿಹೇಳಬೇಕಾಯಿತು. ಕಂತಿನ ಕೊನೆಗೆ ಬರುತ್ತಿದ್ದ ಪುಟ್ಟ ನೀತಿಭಾಗ, ತಪ್ಪು ಮಾಡಿದ ಮಗು ಶಕ್ತಿಮಾನ್‌ನಲ್ಲಿ ಕ್ಷಮೆ ಕೇಳುವ ದೃಶ್ಯ, ಇವನ್ನು ಉಪದೇಶದ ಅಂಟಿಕೆಯೆಂದು ತಳ್ಳಿಹಾಕುವುದು ಸುಲಭ. ವ್ರತಕಥೆಯ ಕೊನೆಯ ಫಲಶ್ರುತಿಯಂತೆ ಅದು ಕಥಾಲೋಕದಿಂದ ಮನೆಗೆ ಮರಳುವ ಹೊಸ್ತಿಲಾಗಿತ್ತು. ಹೊಸ್ತಿಲು ತಗ್ಗಾಗಿದ್ದಿರಬಹುದು, ಅದರ ಅಗತ್ಯವನ್ನು ನಿರ್ಮಾಪಕರು ಅರಿತಿದ್ದರು ಎಂಬುದನ್ನು ಒಪ್ಪಲೇಬೇಕು.

ಭಯಾನಕ ಧಾರಾವಾಹಿಗಳ ನಡೆ ಬೇರೆ. ರಾಮ್ಸೇ ಸಹೋದರರ ‘ಜೀ ಹಾರರ್ ಶೋ’ 1993ರಲ್ಲಿ, ಬಿ.ಪಿ. ಸಿಂಗ್ ಅವರ ‘ಆಹಟ್’ 1995ರಲ್ಲಿ ಆರಂಭವಾದವು. ಆಹಟ್ ಎಂದರೆ ಹೆಜ್ಜೆಯ ಸಪ್ಪಳ. ಹಾರರ್ ಶೋನ ಆರಂಭದ ಕಥೆಗಳಲ್ಲೊಂದರ ಹೆಸರು ‘ದಸ್ತಕ್’, ಅಂದರೆ ಬಾಗಿಲು ಬಡಿಯುವ ಸದ್ದು. ನೋಡುವ ಮಾಧ್ಯಮವು ಭಯಕ್ಕೆ ಮಾತ್ರ ಕಿವಿಯನ್ನು ನಂಬಿದುದು ಸ್ವಾರಸ್ಯಕರ. ದೆವ್ವ ಕಂಡ ಕೂಡಲೇ ಈ ಕಥೆಗಳು ಸಪ್ಪೆಯಾಗುತ್ತಿದ್ದವು. ಮುಖವಾಡ ಮುಖವಾಡದಂತೆಯೇ ಕಾಣುತ್ತಿತ್ತು. ಇನ್ನೊಂದು ಕೊರತೆ ನೆಲೆಯದು. ಕನ್ನಡ ನಾಡಿನ ದೆವ್ವಕ್ಕೆ ವಿಳಾಸವಿರುತ್ತದೆ. ಇಂಥ ಊರಿನ ಇಂಥ ಹುಣಸೆಮರ, ಇಂಥ ಹಾಳುಬಾವಿ, ಇಂಥವರ ಮನೆಯ ಬಾಣಂತಿ. ಐತಿಹ್ಯವು ನಂಬಿಕೆ ಪಡೆಯುವುದು ಈ ವಿಳಾಸದಿಂದ. ರಾಮ್ಸೇಯವರ ದೆವ್ವ ಯಾವ ಊರಿನದೂ ಅಲ್ಲದ ಹಳೆಯ ಬಂಗಲೆಯಲ್ಲಿ ವಾಸಿಸುತ್ತದೆ. ಹಾಗಾಗಿ ಅದು ಎಲ್ಲರನ್ನೂ ಒಂದಷ್ಟು ಬೆಚ್ಚಿಸುತ್ತದೆ, ಯಾರನ್ನೂ ಹಿಂಬಾಲಿಸುವುದಿಲ್ಲ.

ಅದೇ ದಶಕದಲ್ಲಿ ಬೆಂಗಳೂರಿನಲ್ಲಿಯೂ ಕರ್ನಾಟಕದ ಇತರ ಭಾಗಗಳಲ್ಲಿಯೂ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ರಾತ್ರಿ ಒಂದು ಹೆಣ್ಣುದೆವ್ವ ಮನೆಯವರದೇ ದನಿಯಲ್ಲಿ ಕೂಗಿ ಬಾಗಿಲು ಬಡಿಯುತ್ತದೆ, ತೆರೆದವರಿಗೆ ಸಾವು. ಈ ಬರಹವನ್ನು ಓದಿದರೆ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ ಎಂಬುದು ವದಂತಿ. ದೆವ್ವ ಅಕ್ಷರಸ್ಥೆ, ಕನ್ನಡ ಬಲ್ಲವಳು, ಮಾತಿಗೆ ತಪ್ಪದವಳು ಎಂಬ ಜನಪದರ ವಿಶ್ವಾಸ ಗಮನಾರ್ಹ. ಕಿರುತೆರೆಯ ಬಡಿತವನ್ನೂ ಬೀದಿಯ ಬಡಿತವನ್ನೂ ಕಾರಣ-ಕಾರ್ಯವಾಗಿ ಜೋಡಿಸುವುದು ಆತುರದ ಮಾತಾದೀತು. ದನಿ ಬದಲಿಸಿ ಕರೆಯುವ ಪಿಶಾಚಿ ಬಹಳ ಹಳೆಯ ಆಶಯ. ಹೋಲಿಕೆ ಇರುವುದು ರಚನೆಯಲ್ಲಿ. ಧಾರಾವಾಹಿ ಪ್ರೇಕ್ಷಕನಿಗೆ ‘ಮುಂದಿನ ವಾರ ಬಾ’ ಎನ್ನುತ್ತಿತ್ತು. ಇಲ್ಲಿ ಮನೆಯವರು ಅದೇ ಮುಂದೂಡಿಕೆಯನ್ನು ದೆವ್ವದ ಮೇಲೆಯೇ ಪ್ರಯೋಗಿಸಿದರು. ಒಂದರಲ್ಲಿ ಕಾಯುವವನು ಕೇಳುಗ, ಇನ್ನೊಂದರಲ್ಲಿ ಭಯವೇ ಕಾಯಬೇಕು. ಬಂಗಲೆಯ ದೆವ್ವಕ್ಕಿಲ್ಲದ ವಿಳಾಸ ಈ ದೆವ್ವಕ್ಕೆ ದೊರೆತದ್ದು ಬರೆದವರ ಸ್ವಂತ ಬಾಗಿಲಿನಲ್ಲಿ. 2018ರ ಹಿಂದಿ ಚಲನಚಿತ್ರ ‘ಸ್ತ್ರೀ’ ಈ ಬರಹವನ್ನು ಚಂದೇರಿಯ ಗೋಡೆಗಳಿಗೆ ಒಯ್ದು, ದೆವ್ವಕ್ಕೊಂದು ಪೂರ್ವಕಥೆ ಕಟ್ಟಿ ವಿವರಿಸಿತು. ಬೀದಿಯ ಕಥೆ ಇಷ್ಟು ವಿವರಣೆಯನ್ನು ಬಯಸಿರಲಿಲ್ಲ.

ಕಥೆ ಹೇಳುವಾಗ ಕೇಳುಗ ಹೂಂಗುಟ್ಟಬೇಕು. ಹೂಂಗುಟ್ಟುವುದು ನಿಂತರೆ ಕಥೆ ನಿಲ್ಲುತ್ತದೆ. ಪರದೆಗೆ ಹೂಂಗುಡುವಿಕೆ ಕೇಳಿಸುವುದಿಲ್ಲ. ವಾರದ ಧಾರಾವಾಹಿಗೆ ಅದು ದೊರೆಯುತ್ತಿದ್ದುದು ಸೋಮವಾರ ಶಾಲೆಯ ಅಂಗಳದಲ್ಲಿ. ಭಾನುವಾರ ವಿದ್ಯುತ್ ಹೋದರೆ ಆ ಕಂತು ಕೈತಪ್ಪಿದಂತೆಯೇ. ನೋಡಿದವನ ಬಾಯಿಂದ ಕೇಳುವುದೊಂದೇ ದಾರಿ. ಹಿಂದಿ ಸರಿಯಾಗಿ ಬಾರದ ಮಗು ತಾನು ಕಂಡದ್ದನ್ನು ಕನ್ನಡದಲ್ಲಿ ಹೇಳುವಾಗ ಅರ್ಥವಾಗದ ಸಂಭಾಷಣೆಯ ಜಾಗದಲ್ಲಿ ತನ್ನದನ್ನು ತುಂಬುತ್ತಿತ್ತು. ಖಳನಿಗೆ ಊರಿನವರ ಹೋಲಿಕೆ ಬರುತ್ತಿತ್ತು, ಮುಂದಿನ ವಾರ ಏನಾದೀತೆಂಬುದಕ್ಕೆ ನಾಲ್ಕು ಪಾಠಾಂತರಗಳು ಹುಟ್ಟುತ್ತಿದ್ದವು. ಕಥನ, ಕೇಳುಗ, ಪಾಠಾಂತರ ಮೂರೂ ಇದ್ದ ಈ ಸಂದರ್ಭವನ್ನು ಕ್ಷೇತ್ರಕಾರ್ಯದ ಯೋಗ್ಯ ಸಾಮಗ್ರಿಯೆಂದು ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಬಗೆಯಲಿಲ್ಲ. ಹಳ್ಳಿಯ ಕೊನೆಯ ಕಥೆಗಾರ್ತಿಯನ್ನು ಹುಡುಕಿಹೊರಟ ಸಂಶೋಧಕ ದಾರಿಯಲ್ಲಿ ಶಾಲೆಯ ಅಂಗಳವನ್ನು ದಾಟಿಯೇ ಹೋದ. ಪರದೆಯ ಕಂತುಗಳು ಇಂದಿಗೂ ನೋಡಲು ಸಿಗುತ್ತವೆ. ಮಕ್ಕಳ ಪಾಠಾಂತರಗಳು ಈಗ ನಡುವಯಸ್ಸು ಸಮೀಪಿಸುತ್ತಿರುವವರ ನೆನಪಿನಲ್ಲಿವೆ, ಅದೂ ಚೂರುಚೂರಾಗಿ. ಸಂಗ್ರಹಿಸುವುದಾದರೆ ಅಲ್ಲಿಂದ.

ಮುಂದಿನ ಬೆಳವಣಿಗೆ ಈ ಆರು ದಿನಗಳನ್ನು ಕಿರಿದಾಗಿಸುತ್ತ ಬಂದಿತು. 2015ರಲ್ಲಿ ಆರಂಭವಾದ ಹಿಂದಿಯ ‘ನಾಗಿನ್’ ವಾರಾಂತ್ಯದ ಧಾರಾವಾಹಿಯಾಗಿತ್ತು; 2016ರಲ್ಲಿ ಜೀ ಕನ್ನಡದಲ್ಲಿ ಬಂದ ‘ನಾಗಿಣಿ’ ದೈನಿಕ. ನಾಗನು ಗಂಡನ ರೂಪದಲ್ಲಿ ಬರುವ ಕನ್ನಡ ಜನಪದ ಕಥೆಯಲ್ಲಿ ಹಾವು ಹೆಣ್ಣಿನ ಬಾಳಿಗೆ ಹೊಂದಿಕೊಂಡು ಕಥೆ ಮುಗಿಯುತ್ತದೆ. ಪ್ರತೀಕಾರವನ್ನೇ ಬಂಡವಾಳ ಮಾಡಿಕೊಂಡ ದೈನಿಕಕ್ಕೆ ಮುಗಿಯುವ ಆತುರವಿಲ್ಲ, ಕೇಳುಗನಿಗೆ ಊಹಿಸುವ ಬಿಡುವೂ ಇಲ್ಲ. 2020ರ ಏಪ್ರಿಲ್‌ನಲ್ಲಿ, ದೇಶವ್ಯಾಪಿ ಲಾಕ್‌ಡೌನ್ ಕಾಲದಲ್ಲಿ, ದೂರದರ್ಶನವು ‘ಶಕ್ತಿಮಾನ್’ ಅನ್ನು ಮರುಪ್ರಸಾರ ಮಾಡಿತು. ಈ ಸಲ ಅದು ಪ್ರತಿದಿನ ಮಧ್ಯಾಹ್ನ ಬರುತ್ತಿತ್ತು. ಶಾಲೆಗಳು ಮುಚ್ಚಿದ್ದವು. ಹಿಂದೊಮ್ಮೆ ವಾರವಿಡೀ ಕಾದಿದ್ದ ತಂದೆತಾಯಿಯರು ಮುಂದೇನಾಗುತ್ತದೆಂದು ಮಕ್ಕಳಿಗೆ ಹೇಳಿ ಮುಗಿಸುವಷ್ಟರಲ್ಲಿ ಮರುದಿನದ ಕಂತು ಬಂದಿರುತ್ತಿತ್ತು.