ಮರದ ಗೋಡೆಯ ಶಾಸನಗಳು: ಏಂಜೆಲ್ ದ್ವೀಪದ ಬಂಧಿಗಳ ಪದ್ಯವಿಚಾರ

ಶಾಸನಗಳನ್ನು ಸಾಹಿತ್ಯದೃಷ್ಟಿಯಿಂದ ಪರಿಶೀಲಿಸುವುದು ಕನ್ನಡ ವಿದ್ವಾಂಸರಿಗೆ ಹೊಸದಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ನಮ್ಮ ತ್ರಿಪದಿಯ ಪ್ರಾಚೀನರೂಪವನ್ನು ಕಂಡು ಹರ್ಷಪಟ್ಟವರು ನಾವು. ಆದರೆ ನಮ್ಮ ಶಾಸನಗಳು ಬಹುಮಟ್ಟಿಗೆ ಆಳುವವರ ಅಥವಾ ಅವರ ಆಶ್ರಿತರ ವಾಕ್ಕುಗಳು; ದಾನವನ್ನೋ ವಿಜಯವನ್ನೋ ವೀರಮರಣವನ್ನೋ ಆಚಂದ್ರಾರ್ಕವಾಗಿ ನಿಲ್ಲಿಸಬೇಕೆಂಬ ಉದ್ದೇಶದಿಂದ ಕಲ್ಲಿನಲ್ಲಿ ಕಂಡರಿಸಲ್ಪಟ್ಟುವು. ಸೆರೆಯಲ್ಲಿರುವವನೊಬ್ಬನು ತನ್ನನ್ನು ಸೆರೆಯಿಟ್ಟ ಗೋಡೆಯನ್ನೇ ಶಾಸನಫಲಕವನ್ನಾಗಿ ಮಾಡಿಕೊಂಡರೆ ಅದು ಎಂತಹ ಕಾವ್ಯವಾದೀತು? ಈ ಪ್ರಶ್ನೆಗೆ ಉತ್ತರವಾಗತಕ್ಕ ಪದ್ಯಸಮೂಹವೊಂದು ಅಮೆರಿಕ ದೇಶದ ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿರುವ ಏಂಜೆಲ್ ದ್ವೀಪದಲ್ಲಿ ದೊರೆತಿರುವುದು. ಅದನ್ನು ಕುರಿತು ಕೆಲವು ಮಾತುಗಳನ್ನು ವಿದ್ವಜ್ಜನರ ಮುಂದಿಡುವುದೇ ಈ ಲೇಖನದ ಉದ್ದೇಶ. ಪದ್ಯಗಳು ಚೀಣೀ ಭಾಷೆಯವು. ಇಲ್ಲಿಯ ವಿಮರ್ಶೆಯು ಅನುವಾದವನ್ನಾಧರಿಸಿದುದಾದ ಕಾರಣ ಅರ್ಥವಿಚಾರಕ್ಕೆ ಮಾತ್ರ ಸೇರಿದುದು.

ಮೊದಲು ಗ್ರಂಥದ ಇತಿಹಾಸವನ್ನು ನೋಡೋಣ. ಚೀಣೀ ಕೂಲಿಗಾರರ ಪ್ರವೇಶವನ್ನು ನಿಷೇಧಿಸುವ ಕಾನೂನು ಅಮೆರಿಕದಲ್ಲಿ 1882ರಲ್ಲಿ ಹುಟ್ಟಿ 1943ರಲ್ಲಿ ರದ್ದಾಯಿತು. ಈ ನಡುವೆ, 1910ರ ಜನವರಿಯಿಂದ 1940ರವರೆಗೆ, ಹಡಗಿನಲ್ಲಿ ಬಂದ ಚೀಣೀಯರನ್ನು ವಿಚಾರಣೆ ಮುಗಿಯುವ ತನಕ ಈ ದ್ವೀಪದ ಮರದ ಕಟ್ಟಡದಲ್ಲಿ ಕೂಡಿಹಾಕುತ್ತಿದ್ದರು. ಕೆಲವರಿಗೆ ಕೆಲವು ವಾರ, ಕೆಲವರಿಗೆ ಹಲವು ತಿಂಗಳು. ಜಪಾನೀಯರೂ ರಷ್ಯರೂ ನಮ್ಮ ಪಂಜಾಬಿನವರೂ ಅಲ್ಲಿ ತಡೆಹಿಡಿಯಲ್ಪಟ್ಟಿದ್ದರು. ಚೀಣೀಯರು ಗೋಡೆಗಳ ಮೇಲೆ ಮೊದಲು ಮಸಿಯಿಂದ ಬರೆದರು, ಬಳಿಕ ಚೂರಿಯಿಂದ ಕೆತ್ತಿದರು. ಅಧಿಕಾರಿಗಳು ಆ ಕೆತ್ತನೆಗಳಿಗೆ ಮೆತ್ತುಗಾರೆ ತುಂಬಿಸಿ ಮೇಲೆ ಬಣ್ಣ ಬಳಿಸಿದರು. ಅಳಿಸುವುದಕ್ಕೆಂದು ಮಾಡಿದ ಆ ಲೇಪವೇ ಮರವನ್ನು ಕಾಪಾಡಿ ಅಕ್ಷರಗಳನ್ನುಳಿಸಿತು. 1930ರ ದಶಕದ ಮೊದಲಲ್ಲಿ ಇಬ್ಬರು ಬಂಧಿಗಳು ಅನೇಕ ಪದ್ಯಗಳನ್ನು ಪ್ರತಿಮಾಡಿಕೊಂಡಿದ್ದರು. 1970ರಲ್ಲಿ ಅಲೆಕ್ಸಾಂಡರ್ ವೈಸ್ ಎಂಬ ಉದ್ಯಾನರಕ್ಷಕನು ಗೋಡೆಗಳ ಮಹತ್ತ್ವವನ್ನು ಗುರುತಿಸಿದನು. 1980ರಲ್ಲಿ ಹಿಮ್ ಮಾರ್ಕ್ ಲಾಯ್, ಜೆನ್ನಿ ಲಿಮ್, ಜೂಡಿ ಯಂಗ್ ಎಂಬ ಮೂವರು 135 ಪದ್ಯಗಳನ್ನು ಸಂಪಾದಿಸಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು.

ಇನ್ನು ಬಂಧನದ ಕಾರಣವನ್ನು ನೋಡಬೇಕು. ಅದಕ್ಕೆ ಎರಡು ಬಾಗಿಲುಗಳಿದ್ದುವು: ಒಂದು ವೈದ್ಯರ ಪರೀಕ್ಷೆ, ಇನ್ನೊಂದು ಅಧಿಕಾರಿಗಳ ಪ್ರಶ್ನಾವಳಿ. ಕಣ್ಣಿನ ಟ್ರಕೋಮ, ಕೊಕ್ಕೆಹುಳು, ಪಿತ್ತಕೋಶದ ಹುಳು ಮೊದಲಾದುವುಗಳಿಗಾಗಿ ರಕ್ತವನ್ನೂ ಮಲವನ್ನೂ ಪರೀಕ್ಷಿಸುತ್ತಿದ್ದರು. ರೋಗವು ಕಂಡುಬಂದರೆ ಅದೇ ತಿರಸ್ಕಾರಕ್ಕೆ ಕಾರಣವಾಗಬಹುದಾಗಿತ್ತು. ಕೊಕ್ಕೆಹುಳುವಾದರೋ ಚಿಕಿತ್ಸೆಯಿಂದ ಗುಣವಾಗತಕ್ಕದ್ದು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಮೇಲ್ದರ್ಜೆಯ ಪ್ರಯಾಣಿಕರನ್ನು ಸಾಮಾನ್ಯವಾಗಿ ಹಡಗಿನಲ್ಲಿಯೇ ನೋಡಿ ಇಳಿಯಗೊಡುತ್ತಿದ್ದರು; ದ್ವೀಪಕ್ಕೆ ಸಾಗಿದವರು ಹೆಚ್ಚಾಗಿ ಕೆಳದರ್ಜೆಯವರು, ಅವರಲ್ಲಿಯೂ ಏಷ್ಯದವರು. ಹುಳುವಿಗೆ ಚೀಟಿಯ ದರ್ಜೆ ತಿಳಿಯದು, ಕಾನೂನಿಗೆ ತಿಳಿದಿತ್ತು.

ಈ ನೋಟವು ದ್ವೀಪದಲ್ಲಿ ಹೊಸದಾಗಿ ಹುಟ್ಟಿದುದಲ್ಲ. 1896ರಲ್ಲಿ ಮುಂಬಯಿಯನ್ನೂ 1898ರಲ್ಲಿ ಬೆಂಗಳೂರನ್ನೂ ಪೀಡಿಸಿದ ಮಹಾಮಾರಿಯಾದ ಪ್ಲೇಗು 1900ರಲ್ಲಿ ಸಾನ್ ಫ್ರಾನ್ಸಿಸ್ಕೋ ನಗರಕ್ಕೂ ತಲುಪಿದಾಗ, ಆ ನಗರದವರು ಚೀಣೀಯರ ಕೇರಿಗೆ ಮಾತ್ರ ಹಗ್ಗ ಕಟ್ಟಿ ದಿಗ್ಬಂಧನ ಮಾಡಿದರು. ಅದೇ ಮೇರೆಯ ಬಿಳಿಯರ ಮನೆಗಳನ್ನು ಹೊರಗೆ ಬಿಟ್ಟರು. ಅದೇ ವರ್ಷದ ಜೂನ್ ತಿಂಗಳಲ್ಲಿ ನ್ಯಾಯಾಧೀಶ ಮಾರೋ ಎಂಬವನು ಈ ಕಟ್ಟನ್ನು ತೆಗೆಸಿದನು. ಒಂದು ಜನಾಂಗಕ್ಕೆ ಮಾತ್ರ ಅನ್ವಯಿಸಿದ ಈ ಕ್ರಮವು ಸಮವಲ್ಲವೆಂಬುದಷ್ಟೇ ಅವನ ಕಾರಣವಲ್ಲ. ಸಾವಿರಾರು ಜನರನ್ನು ಒಂದೆಡೆ ಕೂಡಿಟ್ಟರೆ ಅವರೊಳಗೆ ರೋಗದ ಭಯವು ಹೆಚ್ಚುವುದೇ ಹೊರತು ಕಡಮೆಯಾಗದೆಂಬುದೂ ಅವನ ಅಭಿಪ್ರಾಯವಾಗಿತ್ತು. ಅಂತು ಬಂಧನವು ರೋಗನಿವಾರಣೆಗೆಂದು ಹೊರಟು ರೋಗಹೇತುವಾಗಬಲ್ಲದೆಂಬ ಸತ್ಯವು ನ್ಯಾಯಸ್ಥಾನದಲ್ಲಿಯೇ ದಾಖಲೆಯಾಗಿದ್ದಿತು.

ಈಗ ಕಾವ್ಯವಿಚಾರಕ್ಕೆ ಬರೋಣ. ಪೂರ್ವಪಕ್ಷಿಯು ಹೀಗೆ ಹೇಳಬಹುದು: “ಇವು ದೂರಿನ ಅರ್ಜಿಗಳು, ಬರೆದವರು ಹಳ್ಳಿಗರು, ಛಂದಸ್ಸು ಅಲ್ಲಲ್ಲಿ ಕುಂಟುವುದು, ಹೇಳಿದ್ದನ್ನೇ ಹೇಳಿರುವರು. ಇತಿಹಾಸಕಾರನಿಗೆ ಇವುಗಳಿಂದ ಪ್ರಯೋಜನವುಂಟು, ಸಹೃದಯನಿಗಿಲ್ಲ.” ಈ ಆಕ್ಷೇಪದಲ್ಲಿ ಸ್ವಲ್ಪ ಹುರುಳುಂಟು. ಮುಂದೊಂದು ದಿನ ಚೀಣ ದೇಶವು ಬಲಿಷ್ಠವಾಗಿ ಸೇಡು ತೀರಿಸುವುದೆಂದು ಗರ್ಜಿಸುವ ಪದ್ಯಗಳಲ್ಲಿ ಕ್ರೋಧವು ವಾಚ್ಯವಾಗಿಯೇ ನಿಂತು ರೌದ್ರರಸವಾಗಿ ಪರಿಣಮಿಸದು. ಮಂಜು, ಅಲೆ, ಚಂದ್ರ ಎಂಬ ಉದ್ದೀಪನವಿಭಾವಗಳು ಪದೇ ಪದೇ ಬಂದು ಸವೆದಂತೆ ತೋರುವುವು.

ಆದರೂ ಸಿದ್ಧಾಂತವು ಬೇರೆ. ಈ ಕವಿಗಳು ಗೋಳನ್ನು ಗದ್ಯದಲ್ಲಿ ತೋಡಿಕೊಳ್ಳದೆ, ಐದು ಅಥವಾ ಏಳು ಅಕ್ಷರಗಳ ಪಾದವುಳ್ಳ ಪ್ರಾಚೀನಬಂಧವನ್ನೇ ಆರಿಸಿಕೊಂಡರು. ಒಬ್ಬನ ಪದ್ಯಕ್ಕೆ ಇನ್ನೊಬ್ಬನು ಉತ್ತರ ಬರೆದನು. ಹೂಣರ ನಡುವೆ ಹತ್ತೊಂಬತ್ತು ವರ್ಷ ಕುರಿ ಕಾಯುತ್ತ ಸೆರೆಯಲ್ಲಿದ್ದು ಸ್ವಾಮಿನಿಷ್ಠೆಯನ್ನು ಬಿಡದ ದೂತ ಸೂ ವೂ, ಯೌಲಿ ಎಂಬಲ್ಲಿ ಬಂಧಿಯಾಗಿದ್ದ ವೆನ್ ರಾಜ, ಇಂತಹ ಪೂರ್ವಪುರುಷರನ್ನು ಸ್ಮರಿಸಿದರು. ಇದು ಪಾಂಡಿತ್ಯಪ್ರದರ್ಶನವಲ್ಲ. ಹಗಲಲ್ಲಿ ಮಲಮೂತ್ರಗಳಿಂದ ಅಳೆಯಲ್ಪಟ್ಟವನು, ಊರಿನ ಮನೆಗಳೆಷ್ಟು, ಮೆಟ್ಟಿಲುಗಳೆಷ್ಟು ಎಂದು ನೂರಾರು ಪ್ರಶ್ನೆಗಳಿಂದ ಸುಳ್ಳುಗಾರನೆಂಬಂತೆ ಶೋಧಿಸಲ್ಪಟ್ಟವನು, ರಾತ್ರಿಯಲ್ಲಿ ಸೂ ವೂವಿನ ಪಂಕ್ತಿಯಲ್ಲಿ ತನ್ನನ್ನಿರಿಸಿಕೊಂಡಾಗ ಹೊರಡುವ ಧ್ವನಿಯೇನು? “ನಾನು ರೋಗವನ್ನು ಹೊತ್ತ ದೇಹವಲ್ಲ, ಪರಂಪರೆಯನ್ನು ಹೊತ್ತ ಮನುಷ್ಯ” ಎಂಬುದೇ. ಇದನ್ನು ಯಾವ ಪದ್ಯವೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಬಂಧವೇ ಹೇಳುವುದು. ಆದಿಕವಿಯ ಶೋಕವು ಶ್ಲೋಕವಾದುದನ್ನು ಕಾವ್ಯದ ಆತ್ಮಕ್ಕೆ ನಿದರ್ಶನವಾಗಿ ತೋರಿಸಿದ ಆನಂದವರ್ಧನನ ಮಾರ್ಗದಿಂದ ನೋಡಿದರೆ, ಇಲ್ಲಿಯ ಉತ್ತಮಪದ್ಯಗಳು ನಿಸ್ಸಂದೇಹವಾಗಿ ಕಾವ್ಯಗಳು. ಸೆರೆಯಲ್ಲಿಯೇ ಸತ್ತ ಸಂಗಡಿಗನೊಬ್ಬನಿಗಾಗಿ ಬರೆದ ಪದ್ಯದಲ್ಲಿ ಕರುಣವು ಆಕ್ರೋಶವನ್ನು ಮೀರಿ ಶುದ್ಧವಾಗಿ ನೆಲೆಗೊಂಡಿರುವುದು.

ಎರಡನೆಯ ಪೂರ್ವಪಕ್ಷವು ರಾಜನೀತಿಯದು: “ಸಾಂಕ್ರಾಮಿಕವನ್ನು ತಡೆಯುವುದು ರಾಜಧರ್ಮ, ಪರೀಕ್ಷೆಯನ್ನು ಅವಮಾನವೆನ್ನುವುದು ಸರಿಯೆ?” ಪರೀಕ್ಷೆಯು ತಪ್ಪಲ್ಲವೆಂಬುದನ್ನು ಒಪ್ಪತಕ್ಕದ್ದೇ. ಆದರೆ ರಕ್ಷಣೆಗೆಂದು ಮಾಡಿದ ನಿರ್ಬಂಧವು ನಿರ್ಬಂಧಿತನನ್ನೂ ರಕ್ಷಿಸಬೇಕು. ಅವನನ್ನು ಬಿಟ್ಟು ಉಳಿದವರನ್ನು ಮಾತ್ರ ರಕ್ಷಿಸುವುದಾದರೆ ಅದು ಚಿಕಿತ್ಸೆಯಲ್ಲ, ದಂಡನೆ. ಈ ವಿವೇಕವು ಹಳೆಯ ಕಾಲದ ಮಾತಾಗಿ ಉಳಿಯಲಿಲ್ಲ. 2020ರ ಮಾರ್ಚ್ 11ರಂದು ಕೋವಿಡ್ ಜಗದ್ವ್ಯಾಪಿಯಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದಾಗ ಅಮೆರಿಕದ ವಲಸೆ ಇಲಾಖೆಯ ವಶದಲ್ಲಿ ಸುಮಾರು 38,000 ಜನರಿದ್ದರು. ಕಾನೂನಿನ ದೃಷ್ಟಿಯಲ್ಲಿ ಇವರ ಬಂಧನವು ಶಿಕ್ಷೆಯಲ್ಲ, ವಿಚಾರಣಾಕಾಲದ ತಡೆ ಮಾತ್ರ. ಹೊರಗಿನವರಿಗೆ ಆರಡಿ ದೂರವಿರಿ ಎಂಬ ಉಪದೇಶ. ಒಳಗಿನವರಿಗೆ ಸಾಲುಮಂಚಗಳ ಸಾಮಾನ್ಯಶಾಲೆ. ಆ ಜೂನ್ ತಿಂಗಳಲ್ಲಿ ಬೇರೆ ಪ್ರಾಂತಗಳ ಸೆರೆಗಳಿಂದ 74 ಜನರನ್ನು ವರ್ಜೀನಿಯದ ಫಾರ್ಮ್‌ವಿಲ್ ಎಂಬಲ್ಲಿಯ ಬಂಧನಗೃಹಕ್ಕೆ ಸಾಗಿಸಿದರು. ಅವರಲ್ಲಿ ಅರ್ಧಕ್ಕೆ ಮೇಲ್ಪಟ್ಟವರಿಗೆ ಸೋಂಕು ಕಂಡಿತು. ಕೆಲವು ವಾರಗಳಲ್ಲಿ ಆ ಗೃಹದ ಮುನ್ನೂರಕ್ಕೂ ಹೆಚ್ಚು ಬಂಧಿಗಳಿಗೆ ಹರಡಿತು. ಆಗಸ್ಟಿನಲ್ಲಿ ಒಬ್ಬನು ಮೃತನಾದನು. ಅಲ್ಲಿಗೆ ಇನ್ನು ಯಾರನ್ನೂ ಸಾಗಿಸಕೂಡದೆಂದು ನ್ಯಾಯಸ್ಥಾನವು ತಡೆಯಬೇಕಾಯಿತು. ಮತ್ತೊಂದು ಕಡೆ, ರೋಗಭಯವನ್ನೇ ಮುಂದಿಟ್ಟು, ಗಡಿಯಲ್ಲಿ ಆಶ್ರಯ ಬೇಡಿ ಬಂದವರನ್ನು ಅವರ ಮಾತನ್ನೇ ಕೇಳದೆ ಹಿಂದಕ್ಕಟ್ಟುವ ಆಜ್ಞೆಯು ಮಾರ್ಚ್ 20ರಂದು ಹೊರಟು, ಲಸಿಕೆಯು ಬಂದ ಮೇಲೆಯೂ ಮುಂದುವರಿದು, 2023ರ ಮೇ 11ರಂದು ಕೊನೆಗೊಂಡಿತು. ಮಾರೋ 1900ರಲ್ಲಿ ಆಡಿದ ಮಾತನ್ನು ಆ ದೇಶವು ನೂರಿಪ್ಪತ್ತು ವರ್ಷಗಳ ಬಳಿಕ ಮತ್ತೆ ಕಲಿಯಬೇಕಾಯಿತು.

ಪರದೇಶವನ್ನು ದೂಷಿಸಿ ತೃಪ್ತರಾಗುವುದು ವಿಮರ್ಶಕನಿಗೆ ಉಚಿತವಲ್ಲ. ಅಸ್ಸಾಮಿನಲ್ಲಿ ವಿದೇಶೀಯರೆಂದು ನಿರ್ಣೀತರಾದವರನ್ನು ಆಗ ಕಾರಾಗೃಹಗಳಲ್ಲಿಯೇ ಇರಿಸಿದ್ದರು. ಮೂರು ವರ್ಷ ಕಳೆದವರನ್ನು ಒಂದು ಲಕ್ಷ ರೂಪಾಯಿಗಳ ಜಾಮೀನಿನ ಮೇಲೆ ಬಿಡಬಹುದೆಂದು 2019ರಲ್ಲಿ ವಿಧಿಸಿದ್ದ ನಮ್ಮ ಸರ್ವೋಚ್ಚ ನ್ಯಾಯಾಲಯವು, 2020ರ ಏಪ್ರಿಲ್ 13ರಂದು ಸೋಂಕಿನ ಅಪಾಯವನ್ನು ಲೆಕ್ಕಿಸಿ, ಆ ಅವಧಿಯನ್ನು ಎರಡು ವರ್ಷಕ್ಕೂ ಜಾಮೀನನ್ನು 5,000 ರೂಪಾಯಿಗಳಿಗೂ ಇಳಿಸಿತು. ಇದು ಸ್ತುತ್ಯವೇ. ಆದರೆ ಎರಡು ವರ್ಷ ತುಂಬದವನ ಶ್ವಾಸಕೋಶಕ್ಕೆ ಆ ಲೆಕ್ಕವು ತಿಳಿಯದೆಂಬುದನ್ನೂ ನೆನೆಯಬೇಕು.

ಇಂತಿರಲು ಈ ಪದ್ಯಗಳನ್ನು ಓದುವವರ, ಓದಿಸುವವರ ಹೊಣೆಯೇನು? ಇವನ್ನು ಬರಿಯ ಸಾಕ್ಷ್ಯವೆಂದು ಓದಿ, ಎಷ್ಟು ರೋಗ, ಎಷ್ಟು ದಿನ ಸೆರೆ ಎಂಬ ಅಂಕಿಗಳನ್ನು ಹೆಕ್ಕಿ ಬಿಟ್ಟುಬಿಟ್ಟರೆ ನಾವೂ ಆ ವೈದ್ಯನ ಮೇಜಿನ ಬಳಿಯೇ ಕುಳಿತಂತಾಗುವುದು. ಅವನು ದೇಹವನ್ನು ಶೋಧಿಸಿದನು, ನಾವು ಪದ್ಯವನ್ನು ಶೋಧಿಸಿದೆವು, ಮನುಷ್ಯನನ್ನು ಇಬ್ಬರೂ ಕೇಳಲಿಲ್ಲ. ಕಾವ್ಯವೆಂದು ಓದಿ, ಗುಣವನ್ನು ಗುಣವೆಂದೂ ದೋಷವನ್ನು ದೋಷವೆಂದೂ ತೂಗುವುದೇ ಆ ಕವಿಗೆ ಸಲ್ಲತಕ್ಕ ಮರ್ಯಾದೆ. ದ್ವೀಪದಲ್ಲಿ ಸ್ತ್ರೀಯರೂ ಸೆರೆಯಿದ್ದರು. ಅವರಿದ್ದ ಕಟ್ಟಡವು 1940ರ ಆಗಸ್ಟಿನ ಬೆಂಕಿಯಲ್ಲಿ ಸುಟ್ಟುಹೋಯಿತು. ಅದರ ಗೋಡೆಗಳ ಮೇಲಣ ಒಂದಕ್ಷರವೂ ಉಳಿದಿಲ್ಲ. ಉಳಿದ ಪದ್ಯಗಳನ್ನು ಓದುವಾಗ ಆ ಮೌನವನ್ನೂ ಪಾಠದ ಭಾಗವಾಗಿಯೇ ಎಣಿಸತಕ್ಕದ್ದು.