ಹೊರುವ ಮಾತು

ಅನುವಾದದ ವಿಮರ್ಶೆ ಎಂದರೆ ನಮಗೆ ಕವಿತೆ, ನಾಟಕಗಳೇ ನೆನಪಾಗುತ್ತವೆ. ಆಯೋಗದ ವರದಿ, ಸಚಿವಾಲಯದ ಫಲಕ, ಸಂವಿಧಾನದ ಒಂದು ವಿಧಿ, ಇಂಥವುಗಳ ಅನುವಾದವನ್ನು ವಿಮರ್ಶಕರು ಕಣ್ಣೆತ್ತಿಯೂ ನೋಡುವುದಿಲ್ಲ. ಆದರೆ ಜನರ ಬದುಕಿಗೆ ನೇರವಾಗಿ ತಟ್ಟುವುದು ಇವುಗಳ ಮಾತೇ. ಪರಿಸರದ ವಿಷಯದಲ್ಲಿ ಇಂಗ್ಲಿಷಿಗೂ ನಾರ್ವೆಯ ಭಾಷೆಗೂ ನಡೆದಿರುವ ಕೊಡುಕೊಳೆಯನ್ನು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ.

ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗ 1987ರಲ್ಲಿ 'ಅವರ್ ಕಾಮನ್ ಫ್ಯೂಚರ್' ಎಂಬ ವರದಿಯನ್ನು ಹೊರತಂದಿತು. 'ಸಸ್ಟೇನಬಲ್ ಡೆವಲಪ್‌ಮೆಂಟ್' ಎಂಬ ಮಾತು ಜಗತ್ತಿನ ಬಾಯಲ್ಲಿ ಓಡಾಡತೊಡಗಿದ್ದು ಆಮೇಲೆಯೇ. ಮುಂದಿನವರ ಅಗತ್ಯಕ್ಕೆ ಕುತ್ತು ತಾರದಂತೆ ಇಂದಿನವರು ತಮ್ಮ ಅಗತ್ಯ ಪೂರೈಸಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಸ್ವಾರಸ್ಯವೆಂದರೆ, ಅಧ್ಯಕ್ಷೆ ನಾರ್ವೆಯವರಾದರೂ ವರದಿ ಹುಟ್ಟಿದ್ದು ಇಂಗ್ಲಿಷಿನಲ್ಲಿ; ಅವರ ತಾಯ್ನುಡಿಗೆ ಅದು ಅನುವಾದವಾಗಿಯೇ ಬರಬೇಕಾಯಿತು.

ಹಾಗೆ ಬರುವಾಗ 'ಸಸ್ಟೇನಬಲ್' ಎಂಬುದು 'ಬ್ಯಾರೆಕ್ರಾಫ್ತಿ' ಆಯಿತು. 'ಬ್ಯಾರೆ' ಎಂದರೆ ಹೊರು, 'ಕ್ರಾಫ್ತ್' ಎಂದರೆ ಬಲ. ಹೊರುವ ಬಲವುಳ್ಳದ್ದು ಎಂದರ್ಥ. ಸೇತುವೆ ಎಷ್ಟು ಭಾರ ತಾಳೀತು ಎಂದು ಲೆಕ್ಕ ಹಾಕುವ ಎಂಜಿನಿಯರನೂ, ಒಂದು ಹುಲ್ಲುಗಾವಲು ಎಷ್ಟು ಪ್ರಾಣಿಗಳನ್ನು ಸಾಕೀತು ಎಂದು ಎಣಿಸುವ ಜೀವವಿಜ್ಞಾನಿಯೂ ಅಲ್ಲಿ ಇದೇ 'ಹೊರು' ಧಾತುವಿನ ಮಾತನ್ನು ಆಡುತ್ತಾರೆ. ಪಕ್ಕದ ಸ್ವೀಡನ್ನಿನವರು ಇದೇ ಇಂಗ್ಲಿಷ್ ಮಾತಿಗೆ ಬಾಳಿಕೆ ಬರುವಂಥದ್ದು ಎಂಬರ್ಥದ 'ಹೋಲ್‌ಬಾರ್' ಅನ್ನು ಹಿಡಿದರು. ಇಂಗ್ಲಿಷಿನ ಮಾತು ಇಂದು ಸಾಮಾನ್ಯವಾಗಿ ಎಬ್ಬಿಸುವ ಪ್ರಶ್ನೆ 'ಎಷ್ಟು ಕಾಲ ನಡೆದೀತು?' ಎಂಬುದು. ನಾರ್ವೆಯ ಮಾತು ಇನ್ನೊಂದನ್ನು ಕೇಳುತ್ತದೆ: 'ಹೊರುವವರು ಯಾರು?' ನನಗೆ ತೋರುವ ಮಟ್ಟಿಗೆ ಇದು ಮೂಲಕ್ಕಿಂತ ಗಟ್ಟಿಯಾದ ಅನುವಾದ.

ತಿರುಗಿ ಇಂಗ್ಲಿಷಿಗೆ ಬರುವಾಗ ಇಂಥ ಅದೃಷ್ಟ ಒದಗಿಲ್ಲ. ನಾರ್ವೆಯಲ್ಲಿ 1972ರಲ್ಲಿ ಪರಿಸರಕ್ಕೆಂದೇ ಒಂದು ಸಚಿವಾಲಯ ತೆರೆದಾಗ ಅದರ ಹೆಸರಿನಲ್ಲಿ 'ಮಿಲ್ಯೋವೆರ್ನ್' ಎಂಬ ಮಾತಿತ್ತು. 'ಮಿಲ್ಯೋ' ಎಂದರೆ ಪರಿಸರ, 'ವೆರ್ನ್' ಎಂದರೆ ರಕ್ಷಣೆ. ಬರಿಯ 'ಮಿಲ್ಯೋ' ಅಲ್ಲಿ ಬಹಳ ಹಿಗ್ಗುವ ಮಾತು. ಕೆಲಸದ ಸ್ಥಳದ ವಾತಾವರಣವನ್ನು ಕುರಿತ 1977ರ ಕಾನೂನಿನ ಹೆಸರಿನಲ್ಲೂ ಅದೇ ಇದೆ. ಆದ್ದರಿಂದ 'ವೆರ್ನ್' ಅಲಂಕಾರಕ್ಕೆ ಸೇರಿಸಿದ್ದಲ್ಲ, ಸಚಿವಾಲಯ ಮಾಡಬೇಕಾದ ಕೆಲಸವನ್ನು ಹೇಳುತ್ತಿತ್ತು. ಇಂಗ್ಲಿಷಿನಲ್ಲಿ ಮಾತ್ರ ಅದು 'ಮಿನಿಸ್ಟ್ರಿ ಆಫ್ ದಿ ಎನ್ವಿರಾನ್ಮೆಂಟ್' ಎಂದಷ್ಟೇ ಆಗಿತ್ತು. 2014ರಲ್ಲಿ ಹೆಸರು ಬದಲಾಗಿ 'ಹವಾಗುಣ ಮತ್ತು ಪರಿಸರ ಸಚಿವಾಲಯ' ಎಂದಾಯಿತು. ಇಂಗ್ಲಿಷಿನಲ್ಲಿ ಓದಿದವರಿಗೆ ಒಂದು ಪದ ಕೂಡಿದ್ದು ಕಂಡಿತು. ನಾರ್ವೆಯ ಓದುಗರಿಗೆ ರಕ್ಷಣೆ ಎಂಬ ಪದ ಬಿಟ್ಟುಹೋದದ್ದೂ ಕಂಡಿತು. ನಲವತ್ತು ವರ್ಷ ಅನುವಾದದಲ್ಲಿ ಇಲ್ಲದಿದ್ದ ಮಾತು ಹೋಯಿತೆಂದು ಹೊರಗಿನವರಿಗೆ ಗೊತ್ತಾಗುವುದಾದರೂ ಹೇಗೆ?

ಸಂವಿಧಾನದ ಸಂಗತಿ ಇದಕ್ಕಿಂತ ಸೂಕ್ಷ್ಮ. ನಾರ್ವೆ 1992ರಲ್ಲಿ ತನ್ನ ಸಂವಿಧಾನಕ್ಕೆ ಒಂದು ವಿಧಿಯನ್ನು ಸೇರಿಸಿತು. 2014ರಿಂದ ಅದು 112ನೆಯದು. ಆರೋಗ್ಯವನ್ನು ಕಾಯುವ 'ಮಿಲ್ಯೋ' ಒಂದು, ಫಲವತ್ತತೆಯೂ ವೈವಿಧ್ಯವೂ ಉಳಿದಿರುವ 'ನತೂರ್', ಅಂದರೆ ಪ್ರಕೃತಿ, ಇನ್ನೊಂದು. ಎರಡಕ್ಕೂ ಪ್ರತಿಯೊಬ್ಬರೂ ಹಕ್ಕುದಾರರು ಎಂದು ಅದು ಹೇಳುತ್ತದೆ. ಇಂಗ್ಲಿಷ್ ಅನುವಾದದಲ್ಲಿ ಮೊದಲನೆಯದು 'ಎನ್ವಿರಾನ್ಮೆಂಟ್', ಎರಡನೆಯದು 'ನ್ಯಾಚುರಲ್ ಎನ್ವಿರಾನ್ಮೆಂಟ್'. ಕಾನೂನಿನ ಕಿವಿಗೆ ಬರಿಯ 'ನೇಚರ್' ಸಡಿಲವಾಗಿ ಕೇಳಿಸೀತೆಂದು ಅನುವಾದಕರ ಪರವಾಗಿ ವಾದಿಸಬಹುದು. ಆದರೂ, ಮೂಲದಲ್ಲಿ ತನ್ನ ಕಾಲ ಮೇಲೆ ತಾನು ನಿಂತಿದ್ದ ಪ್ರಕೃತಿ ಇಲ್ಲಿ ಪರಿಸರದ ವಿಶೇಷಣವಾಗಿ ಸಣ್ಣದಾಯಿತು. 'ಎನ್ವಿರಾನ್ಮೆಂಟ್' ಎಂದರೆ ಸುತ್ತಲಿನದು. ಸುತ್ತಲಿನದು ಎಂದಾಗ ನಡುವೆ ಒಬ್ಬ ಮನುಷ್ಯ ಕೂತೇ ಇರುತ್ತಾನೆ. ಪ್ರಕೃತಿಗೆ ಅವನ ಹಂಗಿಲ್ಲ.

ಬ್ಯಾರೆಂಟ್ಸ್ ಸಮುದ್ರದಲ್ಲಿ ತೈಲ ತೆಗೆಯಲು 2016ರಲ್ಲಿ ಕೊಟ್ಟ ಪರವಾನಗಿಗಳನ್ನು ಪರಿಸರ ಸಂಘಟನೆಗಳು ಪ್ರಶ್ನಿಸಿದ್ದು ಈ ವಿಧಿಯನ್ನು ಹಿಡಿದೇ. 2020ರ ಡಿಸೆಂಬರಿನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಸರ್ಕಾರದ ಪರವಾಗಿ ತೀರ್ಪು ಕೊಟ್ಟಿತು. ಆ ತೀರ್ಪು ಅನುವಾದದ ಮೇಲೆ ನಿಂತದ್ದಲ್ಲ, ನಿಜ. ಆದರೆ ಹೊರಗಿನ ನಾವು ಆ ಜಗಳವನ್ನು ಓದುವುದು ಇಂಗ್ಲಿಷಿನಲ್ಲಿ. ಅಲ್ಲಿ ವಾದಕ್ಕೆ ನಿಂತ ಪ್ರಕೃತಿ ನಮಗೆ ಅರ್ಧವೇ ಕಾಣುತ್ತದೆ. ತೈಲ, ಅನಿಲ ಮಾರುವ ದೇಶದಲ್ಲಿಯೇ 'ಹೊರುವ ಬಲ' ಎಂಬ ಮಾತು ಬಳಕೆಯಲ್ಲಿದೆ ಎಂಬುದನ್ನೂ ಮರೆಯಬಾರದು. ಒಳ್ಳೆಯ ಪದ ಪ್ರಶ್ನೆಯನ್ನು ಕೇಳಿಸೀತು, ಉತ್ತರವನ್ನು ಕೊಡಿಸಲಾರದು.

ಇನ್ನು ನಮ್ಮ ಮಾತು. ಅದೇ ಇಂಗ್ಲಿಷಿನಿಂದ ಕನ್ನಡಕ್ಕೆ ಬಂದದ್ದು 'ಸುಸ್ಥಿರ ಅಭಿವೃದ್ಧಿ'. ಒಂದು ಪದ ಕದಲದೆ ನಿಲ್ಲು ಎನ್ನುತ್ತದೆ, ಇನ್ನೊಂದು ಬೆಳೆ ಎನ್ನುತ್ತದೆ. ಹೊರೆಯ ಸುದ್ದಿಯನ್ನು ಎರಡೂ ಎತ್ತುವುದಿಲ್ಲ. ಕನ್ನಡಕ್ಕೆ ಹೊರು, ತಾಳು, ತಾಳಿಕೆ ಎಂಬ ಮಾತುಗಳಿಗೇನೂ ಬರವಿಲ್ಲ. ಬಳಕೆಗೆ ಬಿದ್ದ ಪದವನ್ನು ಈಗ ಕಿತ್ತೆಸೆಯಬೇಕೆಂದು ನಾನು ಹೇಳುತ್ತಿಲ್ಲ. ವರದಿಯಲ್ಲೋ ಭಾಷಣದಲ್ಲೋ 'ಸುಸ್ಥಿರ' ಎಂದು ಕಂಡಾಗಲೆಲ್ಲ ಪಕ್ಕದಲ್ಲಿ ನಾರ್ವೆಯವರ ಪ್ರಶ್ನೆಯನ್ನು ಬರೆದುಕೊಂಡರೆ ಸಾಕು: ಇದರ ಭಾರ ಯಾರ ಹೆಗಲ ಮೇಲಿದೆ?